ಕತ್ತಲನ್ನು ಕಟ್ಟುವ ಕಸುಬು: ಕಪ್ಪು-ಬಿಳುಪಿನ ನ್ವಾರ್ ಚಿತ್ರಗಳು ಇಂದಿಗೂ ಏಕೆ ಹಿಡಿದಿಡುತ್ತವೆ

ಕಪ್ಪು-ಬಿಳುಪು ಮತ್ತೆ ಪರದೆಗೆ ಬಂದಿದೆ. 2024ರಲ್ಲಿ ನೆಟ್‌ಫ್ಲಿಕ್ಸ್‌ನ ಎಂಟು ಕಂತುಗಳ ‘ರಿಪ್ಲೀ’ ಒಬ್ಬ ಕೊಲೆಗಾರನ ಕಥೆಯನ್ನು ಬಣ್ಣವಿಲ್ಲದೆ ಹೇಳಿತು. ಅದರ ಛಾಯಾಗ್ರಾಹಕ ರಾಬರ್ಟ್ ಎಲ್ಸ್‌ವಿಟ್ ಅವರಿಗೆ ಎಮ್ಮಿ ಪ್ರಶಸ್ತಿ ಬಂತು. ಅದೇ ವರ್ಷ ಮಮ್ಮುಟ್ಟಿ ನಟಿಸಿದ ಮಲಯಾಳಂನ ‘ಭ್ರಮಯುಗಂ’ ಇಡಿಯಾಗಿ ಕಪ್ಪು-ಬಿಳುಪಿನಲ್ಲೇ ಚಿತ್ರಮಂದಿರಗಳಲ್ಲಿ ಓಡಿತು. ಇನ್ನೊಂದು ಕಡೆ, ಮೊಬೈಲಿನಲ್ಲಿ ‘ನ್ವಾರ್’ (ಫ್ರೆಂಚ್‌ನಲ್ಲಿ ‘ಕಪ್ಪು’; 1940–50ರ ದಶಕದ ನೆರಳು ತುಂಬಿದ ಅಪರಾಧ ಚಿತ್ರಗಳಿಗೆ ಬಂದ ಹೆಸರು) ಎಂಬ ಫಿಲ್ಟರ್ ಒತ್ತಿದರೆ ಯಾವ ಫೋಟೊ ಬೇಕಾದರೂ ಬೂದು ಬಣ್ಣಕ್ಕೆ ತಿರುಗುತ್ತದೆ; ಎಐ ಸಾಧನಗಳು ಹಳೆಯ ಚಿತ್ರಗಳಿಗೆ ನಿಮಿಷಗಳಲ್ಲಿ ಬಣ್ಣ ಬಳಿಯುತ್ತವೆ. ಬಣ್ಣ ತೆಗೆದರೆ ನ್ವಾರ್ ಆಗುತ್ತದೆ, ಬಣ್ಣ ಸೇರಿಸಿದರೆ ಹಳೆಯ ಚಿತ್ರ ಪೂರ್ಣವಾಗುತ್ತದೆ ಎಂಬ ಎರಡು ನಂಬಿಕೆಗಳ ಬುಡದಲ್ಲಿ ಇರುವುದು ಒಂದೇ ತಪ್ಪು. 1940–50ರ ದಶಕದ ಅಪರಾಧ ಚಿತ್ರಗಳಲ್ಲಿ ಕತ್ತಲು ಎಂದರೆ ಬೆಳಕು ತಲುಪದೆ ಉಳಿದ ಜಾಗವಲ್ಲ. ದೀಪ, ದೂರ, ಅಡ್ಡಪಟ್ಟಿ, ಫಿಲ್ಮ್ ಎಲ್ಲವನ್ನೂ ಲೆಕ್ಕಹಾಕಿ ಅದನ್ನು ಕಟ್ಟಲಾಗುತ್ತಿತ್ತು. ಆ ಚಿತ್ರಗಳ ಸೆಳೆತ ಇರುವುದೇ ಆ ಲೆಕ್ಕದಲ್ಲಿ.

ನ್ವಾರ್ ಎಂಬ ಹೆಸರು ಆ ಚಿತ್ರಗಳನ್ನು ಮಾಡಿದವರು ಇಟ್ಟದ್ದಲ್ಲ. ಯುದ್ಧಕಾಲದಲ್ಲಿ ಫ್ರಾನ್ಸ್‌ಗೆ ಬಾರದೆ ನಿಂತುಹೋಗಿದ್ದ ಅಮೆರಿಕನ್ ಚಿತ್ರಗಳು 1946ರಲ್ಲಿ ಒಟ್ಟಿಗೆ ಪ್ಯಾರಿಸ್ ತಲುಪಿದಾಗ ನಿನೊ ಫ್ರಾಂಕ್ ಮತ್ತಿತರ ವಿಮರ್ಶಕರು ‘ದಿ ಮಾಲ್ಟೀಸ್ ಫಾಲ್ಕನ್’ (1941), ‘ಡಬಲ್ ಇಂಡೆಮ್ನಿಟಿ’ (1944), ‘ಲಾರಾ’ (1944) ಮೊದಲಾದವನ್ನು ಆ ಹೆಸರಿನಡಿ ಸೇರಿಸಿದರು. ಹಾಲಿವುಡ್‌ಗೆ ಅವು ಬರೀ ಅಪರಾಧ ಚಿತ್ರಗಳು, ಮೆಲೊಡ್ರಾಮಾಗಳು. ಆದ್ದರಿಂದ ಯಾವುದು ನ್ವಾರ್, ಯಾವುದಲ್ಲ ಎಂಬ ಜಗಳ ಇನ್ನೂ ಮುಗಿದಿಲ್ಲ. ಮುಗಿಯಬೇಕಾದ ಅಗತ್ಯವೂ ಇಲ್ಲ. 1945ರ ‘ಲೀವ್ ಹರ್ ಟು ಹೆವನ್’ ಟೆಕ್ನಿಕಲರ್‌ನಲ್ಲಿ ತೆಗೆದ ಚಿತ್ರ, ಬಣ್ಣದ ಛಾಯಾಗ್ರಹಣಕ್ಕೆ ಆಸ್ಕರ್ ಪಡೆದದ್ದು. ಆದರೂ ಅದನ್ನು ನ್ವಾರ್ ಪಟ್ಟಿಯಿಂದ ಹೊರಗಿಡುವವರು ಕಡಿಮೆ. ಬಣ್ಣ ಇದೆಯೋ ಇಲ್ಲವೋ ಎಂಬುದು ಅಷ್ಟೊಂದು ನಿರ್ಣಾಯಕವಲ್ಲ ಎನ್ನಲು ಈ ಒಂದು ಉದಾಹರಣೆ ಸಾಕು.

ಬೆಳಕಿನ ಲೆಕ್ಕದಿಂದಲೇ ಶುರು ಮಾಡೋಣ. ಮುಖದ ಮೇಲೆ ಬೀಳುವ ಮುಖ್ಯ ದೀಪ ಕೀ ಲೈಟ್. ಅದು ಉಂಟುಮಾಡಿದ ನೆರಳನ್ನು ತುಸು ತಿಳಿಗೊಳಿಸುವುದು ಫಿಲ್ ಲೈಟ್. ಆ ಕಾಲದ ಹಾಸ್ಯಚಿತ್ರ, ಸಂಗೀತ ಚಿತ್ರಗಳಲ್ಲಿ ಮುಖದ ಬೆಳಗಿದ ಭಾಗಕ್ಕೂ ನೆರಳಿನ ಭಾಗಕ್ಕೂ 2:1ರಿಂದ 4:1ರಷ್ಟು ವ್ಯತ್ಯಾಸ ಇಡುತ್ತಿದ್ದರು. ಅಂದರೆ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ನ್ವಾರ್‌ನಲ್ಲಿ ಅದು 8:1 ಮತ್ತು ಅದಕ್ಕೂ ಹೆಚ್ಚು, ಅಂದರೆ ಮೂರು ಸ್ಟಾಪ್ ಮೇಲೆ. ಎಷ್ಟೋ ದೃಶ್ಯಗಳಲ್ಲಿ ಫಿಲ್ ಲೈಟೇ ಇಲ್ಲ. ಆಗ ಮುಖದ ಅರ್ಧ ಭಾಗ ಕಾಣುವುದಿಲ್ಲ, ಮಾತಾಡುತ್ತಿರುವವನು ಸುಳ್ಳು ಹೇಳುತ್ತಿದ್ದಾನೆಯೇ ಎಂದು ಓದಲು ನೋಡುಗನಿಗೆ ಉಳಿಯುವುದು ಇನ್ನರ್ಧ ಮಾತ್ರ. ಪತ್ತೇದಾರನಿಗಿರುವ ಸಂಕಟವೇ ನೋಡುಗನಿಗೂ ವರ್ಗವಾಗುತ್ತದೆ. ಹೀಗೆ ಮಾಡುವಾಗ ಆಗುವ ಸಾಮಾನ್ಯ ಎಡವಟ್ಟೆಂದರೆ ಕಣ್ಣುಗಳು ಕುಳಿಗಳಂತೆ ಸತ್ತುಹೋಗುವುದು. ಅದಕ್ಕಾಗಿ ಕ್ಯಾಮೆರಾ ಪಕ್ಕದಲ್ಲಿ ಒಂದು ಸಣ್ಣ ದೀಪ ಇಟ್ಟು, ಮುಖಕ್ಕೆ ಬೆಳಕು ಕೊಡದಷ್ಟು ಮಂದಗೊಳಿಸಿ, ಕಣ್ಣಗೊಂಬೆಯಲ್ಲಿ ಒಂದು ಚುಕ್ಕೆ ಹೊಳಪು ಮಾತ್ರ ಮೂಡುವಂತೆ ಮಾಡುತ್ತಿದ್ದರು. ಆ ಚುಕ್ಕೆ ಇದ್ದರೆ ಪಾತ್ರ ಯೋಚಿಸುತ್ತಿರುವಂತೆ ಕಾಣುತ್ತದೆ, ಇಲ್ಲದಿದ್ದರೆ ಹೆಣದಂತೆ.

ಕಿಟಕಿಯ ವೆನೀಷಿಯನ್ ಬ್ಲೈಂಡ್‌ನ (ಅಡ್ಡಪಟ್ಟಿಗಳ ಪರದೆಯ) ಪಟ್ಟೆ ಪಟ್ಟೆ ನೆರಳು ನ್ವಾರ್‌ನ ಗುರುತಾಗಿಬಿಟ್ಟಿದೆ. ಕಿರುಚಿತ್ರ ಮಾಡುವ ಬಹುತೇಕರು ಇದನ್ನು ಪ್ರಯತ್ನಿಸಿ ಸೋಲುತ್ತಾರೆ: ಪಟ್ಟೆ ಬರುವುದಿಲ್ಲ, ಗೋಡೆಯ ಮೇಲೆ ಮಸುಕು ಕಲೆ ಬರುತ್ತದೆ. ಇದಕ್ಕೆ ಕಾರಣ ಸರಳ ಜ್ಯಾಮಿತಿ. ನೆರಳಿನ ಅಂಚಿನ ಮಸುಕು ಎಷ್ಟು ಅಗಲ ಎಂದು ತಿಳಿಯಲು ದೀಪದ ಬಾಯಿಯ ಅಗಲವನ್ನು ಬ್ಲೈಂಡ್‌ನಿಂದ ಗೋಡೆಗಿರುವ ದೂರದಿಂದ ಗುಣಿಸಿ, ದೀಪದಿಂದ ಬ್ಲೈಂಡ್‌ಗಿರುವ ದೂರದಿಂದ ಭಾಗಿಸಬೇಕು. ಮುಂದೆ 15 ಸೆಂ.ಮೀ. ಲೆನ್ಸ್ ಇರುವ ಫ್ರೆನೆಲ್ ಎಂಬ ಸ್ಟುಡಿಯೊ ದೀಪವನ್ನು ಬ್ಲೈಂಡ್‌ಗೆ 3 ಮೀಟರ್ ದೂರದಲ್ಲಿಟ್ಟು, ಬ್ಲೈಂಡ್‌ನಿಂದ ಗೋಡೆ 1 ಮೀಟರ್ ದೂರ ಇದ್ದರೆ ಮಸುಕು 5 ಸೆಂ.ಮೀ. ಪಟ್ಟಿಯೂ ಸುಮಾರು ಅಷ್ಟೇ ಅಗಲ ಇರುವುದರಿಂದ ಒಂದರ ನೆರಳು ಇನ್ನೊಂದರಲ್ಲಿ ಕರಗಿಹೋಗುತ್ತದೆ. ಅದೇ ದೀಪವನ್ನು ಬ್ಲೈಂಡ್‌ಗೆ 6 ಮೀಟರ್ ದೂರಕ್ಕೆ ಒಯ್ದು, ಬ್ಲೈಂಡ್ ಅನ್ನು ಗೋಡೆಗೆ ಅರ್ಧ ಮೀಟರ್ ಹತ್ತಿರ ತಂದರೆ ಮಸುಕು 1.25 ಸೆಂ.ಮೀ.ಗೆ ಇಳಿದು ಪಟ್ಟೆಗಳು ಕೊರೆದಂತೆ ಬೀಳುತ್ತವೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಗೋಡೆಗೆ 4 ಮೀಟರ್ ದೂರದಲ್ಲಿದ್ದ ದೀಪ ಈಗ ಆರೂವರೆ ಮೀಟರ್ ದೂರ ಹೋಗಿದೆ. ಗೋಡೆಗೆ ತಲುಪುವ ಬೆಳಕು ಮೊದಲಿನ ಶೇ 38ರಷ್ಟು ಮಾತ್ರ, ಅಂದರೆ ಸುಮಾರು ಒಂದೂವರೆ ಸ್ಟಾಪ್ ನಷ್ಟ. ಇದನ್ನು ಸರಿದೂಗಿಸಲು ದೊಡ್ಡ ದೀಪ ತಂದರೆ ಅದರ ಲೆನ್ಸ್ ಕೂಡ ದೊಡ್ಡದು, ಮಸುಕು ಮರಳಿ ಬರುತ್ತದೆ. ಕ್ಯಾಮೆರಾ ಲೆನ್ಸಿನ ಅಪರ್ಚರ್ ತೆರೆಯುವುದೋ ಐಎಸ್‌ಒ ಏರಿಸುವುದೋ ಮೇಲು. ಫ್ರೆನೆಲ್ ದೀಪವನ್ನು ಸ್ಪಾಟ್‌ಗಿಂತ (ಕಿರಿದಾದ ಕಿರಣ) ಪೂರ್ಣ ಫ್ಲಡ್‌ಗೆ (ಹರಡಿದ ಕಿರಣ) ಇಟ್ಟರೆ ನೆರಳು ಇನ್ನೂ ಹರಿತವಾಗುತ್ತದೆ. ಮುಂದಿನ ಲೆನ್ಸನ್ನೇ ಕಳಚಿದರೆ ಮತ್ತೂ ಹರಿತ, ಏಕೆಂದರೆ ಆಗ ಬೆಳಕಿನ ಮೂಲ ಒಂದು ಫಿಲಮೆಂಟ್ ಅಷ್ಟೇ. ಇಂದಿನ ಅಗಲವಾದ ಎಲ್‌ಇಡಿ ಪ್ಯಾನೆಲ್‌ಗಳಿಂದ ಈ ನೆರಳು ಹುಟ್ಟುವುದೇ ಇಲ್ಲ. 60 ಸೆಂ.ಮೀ. ಅಗಲದ ಪ್ಯಾನೆಲ್ ಇಟ್ಟು ಎಷ್ಟು ಹಿಂದೆ ಸರಿದರೂ ಸಾಮಾನ್ಯ ಕೋಣೆಯಲ್ಲಿ ಜಾಗ ಸಾಲದು.

ಬೆಳಕಿನ ಕೋಲು ಕಾಣಬೇಕಾದರೆ ಗಾಳಿಯಲ್ಲಿ ಏನಾದರೂ ತೇಲುತ್ತಿರಬೇಕು. ‘ಡಬಲ್ ಇಂಡೆಮ್ನಿಟಿ’ಯ ಮನೆಯೊಳಗಿನ ಧೂಳು ಹಿಡಿದ, ಬೇಸಗೆಯ ಮಂದ ಬೆಳಕಿಗಾಗಿ ಛಾಯಾಗ್ರಾಹಕ ಜಾನ್ ಸೀಟ್ಸ್ ಶಾಟ್‌ಗೆ ಮುಂಚೆ ಲೋಹದ ನುಣ್ಣನೆ ಪುಡಿಯನ್ನು ಗಾಳಿಗೆ ಊದಿಸಿದರು. ಬೆಳಕು ಆ ಕಣಗಳಿಗೆ ತಗುಲಿ ಮನೆಯೇ ಕೊಳೆತಂತೆ ಕಾಣುತ್ತದೆ, ಸಂಭಾಷಣೆಯಲ್ಲಿ ಅದನ್ನು ಹೇಳುವ ಕೆಲಸವೇ ಉಳಿಯುವುದಿಲ್ಲ. (ಇಂದು ಯಾರೂ ಲೋಹದ ಪುಡಿ ಬಳಸಬಾರದು, ಶ್ವಾಸಕೋಶಕ್ಕೆ ಕೆಡುಕು. ತೆಳು ಹೊಗೆ ಹರಡುವ ಹೇಜ್ ಯಂತ್ರ ಸಾಕು, ಫ್ಯಾನ್ ಮತ್ತು ಎಸಿ ನಿಲ್ಲಿಸಿ, ಶಾಟ್‌ನಿಂದ ಶಾಟ್‌ಗೆ ಹೊಗೆಯ ದಟ್ಟಣೆ ಒಂದೇ ಇರುವಂತೆ ನೋಡಿಕೊಂಡರೆ ಆಯಿತು.)

ಒದ್ದೆ ರಸ್ತೆಯ ಗುಟ್ಟೂ ಇಂಥದ್ದೇ. ಒಣ ಟಾರು ಬೆಳಕನ್ನು ನುಂಗುತ್ತದೆ. ರಾತ್ರಿಯ ಚಿತ್ರದಲ್ಲಿ ಪರದೆಯ ಕೆಳಗಿನ ಅರ್ಧ ಭಾಗ ಬರೀ ಮಸಿ. ನೀರು ಚೆಲ್ಲಿದರೆ ಟಾರು ಕನ್ನಡಿಯಂತೆ ವರ್ತಿಸಿ ದೂರದ ದೀಪಗಳನ್ನು ಕ್ಯಾಮೆರಾಗೆ ಎಸೆಯುತ್ತದೆ. ಆದರೆ ದೀಪ ಕ್ಯಾಮೆರಾಗೆ ಎದುರಾಗಿ, ದೃಶ್ಯದ ಹಿಂಬದಿಯಲ್ಲಿ ಇದ್ದರೆ ಮಾತ್ರ ಹೀಗಾಗುವುದು. ಕ್ಯಾಮೆರಾ ಕಡೆಯಿಂದ ದೀಪ ಹಾಕಿದರೆ ಒದ್ದೆ ರಸ್ತೆ ಒಣ ರಸ್ತೆಗಿಂತಲೂ ಕಪ್ಪಾಗುತ್ತದೆ. ‘ದಿ ಥರ್ಡ್ ಮ್ಯಾನ್’ಗಾಗಿ (1949) ವಿಯೆನ್ನಾದ ಕಲ್ಲುಹಾಸಿನ ಬೀದಿಗಳಿಗೆ ನೀರು ಹಾಯಿಸಿದ್ದೂ ಇದಕ್ಕೇ. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಅವರಿಗೆ ಅದು ಆಸ್ಕರ್ ತಂದುಕೊಟ್ಟಿತು.

ಇದೆಲ್ಲ ಸಾಧ್ಯವಾದದ್ದು ಆಗಷ್ಟೇ ಕೈಗೆ ಬಂದ ಸಾಮಗ್ರಿಯಿಂದ. 1938ರಲ್ಲಿ ಕೊಡಕ್ ಹೊರತಂದ ಪ್ಲಸ್-ಎಕ್ಸ್ ಮತ್ತು ಸೂಪರ್ ಎಕ್ಸ್‌ಎಕ್ಸ್ ಫಿಲ್ಮ್‌ಗಳಿಗೆ ಹಿಂದಿನವಕ್ಕಿಂತ ಕಡಿಮೆ ಬೆಳಕು ಸಾಕಾಗಿತ್ತು. ಅದೇ ಹೊತ್ತಿಗೆ ಲೆನ್ಸ್‌ಗಳಿಗೆ ಪ್ರತಿಫಲನ ತಡೆಯುವ ಲೇಪನ ಬಂದದ್ದರಿಂದ, ಚೌಕಟ್ಟಿನೊಳಗೇ ಉರಿಯುವ ಟೇಬಲ್ ಲ್ಯಾಂಪ್ ಇಟ್ಟರೂ ಅದರ ಬೆಳಕು ಲೆನ್ಸ್‌ನೊಳಗೆ ಚೆದುರಿ ಕಪ್ಪನ್ನು ಬೂದಾಗಿಸುತ್ತಿರಲಿಲ್ಲ. ಜರ್ಮನಿ, ಆಸ್ಟ್ರಿಯಾ ಕಡೆಯಿಂದ ಬಂದ ಫ್ರಿಟ್ಸ್ ಲಾಂಗ್, ರಾಬರ್ಟ್ ಸಿಯೊಡ್ಮಾಕ್, ಬಿಲ್ಲಿ ವೈಲ್ಡರ್, ಎಡ್ಗರ್ ಉಲ್ಮರ್ ತಮ್ಮೊಂದಿಗೆ ನೆರಳಿನ ಸಂಪ್ರದಾಯವನ್ನೂ ತಂದರು ಎಂಬುದು ಎಲ್ಲ ಪುಸ್ತಕಗಳೂ ಹೇಳುವ ಮಾತು. ನಿಜವೇ, ಆದರೆ ಅರ್ಧ ಮಾತ್ರ. ಇನ್ನರ್ಧ ಕಾರಣ ಹಣ. 1942ರಲ್ಲಿ ಅಮೆರಿಕದ ಯುದ್ಧ ಉತ್ಪಾದನಾ ಮಂಡಳಿ ಒಂದು ಚಿತ್ರದ ಹೊಸ ಸೆಟ್ ಸಾಮಗ್ರಿಗೆ 5,000 ಡಾಲರ್ ಮಿತಿ ಹಾಕಿತು. ಹಳೆಯ ಸೆಟ್‌ಗಳನ್ನೇ ಮತ್ತೆ ಮತ್ತೆ ಬಳಸಬೇಕಾದಾಗ, ಗುರುತು ಸಿಗಬಾರದ ಗೋಡೆಯನ್ನು ಕತ್ತಲಿಗೆ ಬಿಡುವುದೇ ಅಗ್ಗದ ದಾರಿ. ಒಂದೇ ಟಿಕೆಟ್‌ಗೆ ಎರಡು ಚಿತ್ರ ತೋರಿಸುವ ಪದ್ಧತಿಯಲ್ಲಿ ಎರಡನೆಯದಾಗಿ ಹೋಗುತ್ತಿದ್ದ ಸಣ್ಣ ಬಜೆಟ್ಟಿನ ಚಿತ್ರಗಳಿಗಂತೂ ಬೇರೆ ದಾರಿಯೇ ಇರಲಿಲ್ಲ. ಆಂಥನಿ ಮಾನ್ ನಿರ್ದೇಶನದ ‘ಟಿ-ಮೆನ್’ (1947), ‘ರಾ ಡೀಲ್’ (1948) ಚಿತ್ರಗಳಿಗೆ ಬೆಳಕು ಹಾಕಿದ ಜಾನ್ ಆಲ್ಟನ್ ಕೆಲವೇ ದೀಪಗಳಿಂದ ವೇಗವಾಗಿ ಕೆಲಸ ಮುಗಿಸುತ್ತಿದ್ದರು. 1949ರಲ್ಲಿ ಪ್ರಕಟವಾದ ಅವರ ‘ಪೇಂಟಿಂಗ್ ವಿತ್ ಲೈಟ್’ ಇಂದಿಗೂ ಛಾಯಾಗ್ರಹಣದ ವಿದ್ಯಾರ್ಥಿಗಳ ಕೈಪಿಡಿ.

ಕಥೆಯ ಕಡೆಗೆ ಬಂದರೆ, ಅಲ್ಲೂ ಮುಚ್ಚಿಡುವ ಲೆಕ್ಕವೇ. 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಹಾಲಿವುಡ್‌ನ ಸೆನ್ಸಾರ್ ನಿಯಮಾವಳಿ ಪ್ರೊಡಕ್ಷನ್ ಕೋಡ್ ಪ್ರಕಾರ ಅಪರಾಧಿಗೆ ಶಿಕ್ಷೆ ಆಗಲೇಬೇಕು, ಕಾಮವನ್ನು ನೇರವಾಗಿ ತೋರಿಸುವಂತಿಲ್ಲ. ‘ಡಬಲ್ ಇಂಡೆಮ್ನಿಟಿ’ಯ ಕಥೆಯನ್ನು ಸೆನ್ಸಾರ್ ಕಚೇರಿ 1930ರ ದಶಕದಲ್ಲೇ ಬೇಡ ಎಂದಿತ್ತು. ಅಂತ್ಯ ಹೇಗೂ ನಿಗದಿಯಾಗಿರುವಾಗ ಕುತೂಹಲ ಉಳಿಸುವುದು ಹೇಗೆ? ನಿರ್ದೇಶಕ ವೈಲ್ಡರ್ ಅಂತ್ಯವನ್ನೇ ಮೊದಲು ಹೇಳಿಬಿಟ್ಟರು. ಗುಂಡೇಟು ತಿಂದ ವಿಮಾ ಏಜೆಂಟ್ ಕಚೇರಿಗೆ ಬಂದು, ಧ್ವನಿಮುದ್ರಣ ಯಂತ್ರದ ಮುಂದೆ ಕೂತು ತಪ್ಪೊಪ್ಪಿಕೊಳ್ಳುತ್ತಾನೆ, ಉಳಿದದ್ದೆಲ್ಲ ಹಿನ್ನೋಟ. 1950ರ ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ ಕಥೆ ಹೇಳುವವನೇ ಸತ್ತವನು. ಅದೇ ವರ್ಷದ ‘ಡಿ.ಒ.ಎ.’ದಲ್ಲಿ ಒಬ್ಬ ಮನುಷ್ಯ ಪೊಲೀಸ್ ಠಾಣೆಗೆ ನಡೆದುಬಂದು ತನ್ನದೇ ಕೊಲೆಯ ದೂರು ಕೊಡುತ್ತಾನೆ. ಸೆನ್ಸಾರ್ ಹೇರಿದ ಶಿಕ್ಷೆ ಇಲ್ಲಿ ನೀತಿಪಾಠವಾಗದೆ ವಿಧಿಯಾಗಿ ಮಾರ್ಪಟ್ಟಿತು. ಮುಂದೇನು ಎಂಬ ಪ್ರಶ್ನೆಯ ಜಾಗದಲ್ಲಿ, ಇವನು ಎಲ್ಲಿ ತಿರುಗಿಕೊಳ್ಳಬಹುದಿತ್ತು ಎಂಬ ಪ್ರಶ್ನೆ ಬಂದು ಕೂತಿತು. ಈ ಎರಡನೆಯ ಪ್ರಶ್ನೆಗೆ ಆಯಸ್ಸು ಹೆಚ್ಚು. ಕಥೆ ಗೊತ್ತಿದ್ದವರೂ ನಾಲ್ಕನೇ ಸಲ ಕೂತು ನೋಡುವುದು ಅದಕ್ಕಾಗಿಯೇ.

ಇನ್ನೊಂದು ಪದರವನ್ನು ಮರೆಯುವಂತಿಲ್ಲ. ಯಹೂದಿ ದ್ವೇಷದ ಕೊಲೆಯನ್ನು ವಸ್ತುವಾಗಿಸಿಕೊಂಡ ‘ಕ್ರಾಸ್‌ಫೈರ್’ (1947) ಚಿತ್ರದ ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್ ಮತ್ತು ನಿರ್ಮಾಪಕ ಏಡ್ರಿಯನ್ ಸ್ಕಾಟ್ ಇಬ್ಬರೂ ಅದೇ ವರ್ಷ ಕಮ್ಯುನಿಸ್ಟ್ ನಂಟಿನ ಬಗ್ಗೆ ಸಂಸದೀಯ ಸಮಿತಿಯ ಮುಂದೆ ಉತ್ತರಿಸಲು ನಿರಾಕರಿಸಿದ ‘ಹಾಲಿವುಡ್ ಟೆನ್’ ಗುಂಪಿನವರು. ‘ದಿ ನೇಕೆಡ್ ಸಿಟಿ’ಯನ್ನು (1948) ನ್ಯೂಯಾರ್ಕಿನ ನಿಜವಾದ ಬೀದಿಗಳಲ್ಲಿ ಚಿತ್ರೀಕರಿಸಿದ ಜೂಲ್ಸ್ ಡಾಸಿನ್ ಕಪ್ಪುಪಟ್ಟಿಗೆ ಸೇರಿ ದೇಶ ಬಿಟ್ಟರು, ಫ್ರಾನ್ಸ್‌ನಲ್ಲಿ 1955ರಲ್ಲಿ ‘ರಿಫಿಫಿ’ ಮಾಡಿದರು. ಅದರಲ್ಲಿ ಸುಮಾರು ಅರ್ಧ ಗಂಟೆಯ ಕಳ್ಳತನದ ಭಾಗಕ್ಕೆ ಮಾತೂ ಇಲ್ಲ, ಸಂಗೀತವೂ ಇಲ್ಲ. ಯಾರು ಯಾರನ್ನು ಹಿಡಿದುಕೊಟ್ಟರು ಎಂಬ ಭಯ ಆ ಚಿತ್ರಗಳನ್ನು ಮಾಡಿದವರ ಬದುಕಿನಲ್ಲೇ ಇತ್ತು. ಹಾಗೆಂದು ಎಲ್ಲವನ್ನೂ ಹೊಗಳಬೇಕಿಲ್ಲ. ಮೋಸಗಾತಿ ಹೆಣ್ಣು, ಅವಳಿಂದ ಹಾಳಾದ ಗಂಡು ಎಂಬ ಅಚ್ಚು ಹಲವು ಚಿತ್ರಗಳಲ್ಲಿ ಸೋಮಾರಿತನವಷ್ಟೇ; ಕಪ್ಪು ಜನಾಂಗದವರು ಬಹುಪಾಲು ಆಳುಗಳಾಗಿ ಮಾತ್ರ ಕಾಣಿಸುತ್ತಾರೆ. ಐಡಾ ಲುಪಿನೊ ನಿರ್ದೇಶಿಸಿದ ‘ದಿ ಹಿಚ್-ಹೈಕರ್’ (1953) ಆ ಅಚ್ಚನ್ನು ಬದಿಗಿಟ್ಟು, ಒಂದು ಕಾರಿನೊಳಗೆ ಕೊಲೆಗಾರನೊಬ್ಬನ ಕೈಗೆ ಸಿಕ್ಕಿಬಿದ್ದ ಇಬ್ಬರು ಗಂಡಸರ ಭಯವನ್ನು ನೋಡುತ್ತದೆ. ಅದರ ಛಾಯಾಗ್ರಾಹಕ ನಿಕೊಲಸ್ ಮುಸುರಾಕಾ, ‘ಔಟ್ ಆಫ್ ದಿ ಪಾಸ್ಟ್’ಗೆ (1947) ಬೆಳಕು ಕೊಟ್ಟವರೇ.

ಈ ಬೆಳಕಿನ ವಿದ್ಯೆಗೂ ನಮ್ಮ ನೆಲಕ್ಕೂ ಸಂಬಂಧವಿದೆ. ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಗುರುದತ್, 1950ರ ದಶಕದ ಬಾಂಬೆಯ ಅಪರಾಧ ಚಿತ್ರಗಳಿಗೆ ಈ ನೆರಳನ್ನು ತಂದವರಲ್ಲಿ ಮುಖ್ಯರು. ‘ಬಾಜಿ’ಯಲ್ಲಿ (1951) ಸಹಾಯಕರಾಗಿದ್ದ ಮೈಸೂರಿನ ವಿ.ಕೆ. ಮೂರ್ತಿ ಅವರನ್ನು ಗುರುದತ್ ‘ಜಾಲ್’ನಿಂದ (1952) ಮುಂದಕ್ಕೆ ತಮ್ಮ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಮೂರ್ತಿ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ‘ಕಾಗಜ್ ಕೆ ಫೂಲ್’ನ (1959) ಖಾಲಿ ಸ್ಟುಡಿಯೊದಲ್ಲಿ ಮೇಲಿನಿಂದ ಇಳಿಯುವ ಆ ಬೆಳಕಿನ ಕಂಬಕ್ಕೆ ಅವರು ದೀಪ ಬಳಸಲಿಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. ಸ್ಟುಡಿಯೊ ದೀಪದ ಕಿರಣ ದೂರ ಹೋದಂತೆ ಹರಡುತ್ತದೆ; ಸೂರ್ಯನ ಕಿರಣ ಬಹುತೇಕ ಸಮಾನಾಂತರವಾಗಿಯೇ ಇರುತ್ತದೆ. ಆ ಕಂಬ ಅಂಚು ಕದಡದೆ ನೆಟ್ಟಗೆ ನಿಂತಿರುವುದಕ್ಕೆ ಕಾರಣ ಇಷ್ಟೆ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರಾದರು. ನ್ವಾರ್ ಕಲಿಯಲು ಹೊರಟ ಕನ್ನಡದ ಹುಡುಗ ಹುಡುಗಿಯರು ಹಾಲಿವುಡ್‌ನ ಜೊತೆಗೆ ಮೂರ್ತಿಯವರ ಚೌಕಟ್ಟುಗಳನ್ನೂ ನಿಲ್ಲಿಸಿ ನಿಲ್ಲಿಸಿ ನೋಡಬೇಕು.

ಹಾಗಾದರೆ ಬಣ್ಣದಲ್ಲಿ ತೆಗೆದು, ಎಡಿಟಿಂಗ್‌ನಲ್ಲಿ ಬಣ್ಣ ಕಳೆದರೆ ಏನು ಕೆಡುತ್ತದೆ? ಸಾಮಾನ್ಯ ಪರಿವರ್ತನೆಯಲ್ಲಿ ಹೊಳಪಿನ ಲೆಕ್ಕಕ್ಕೆ ಹಸಿರಿನ ಪಾಲು ಸುಮಾರು ಶೇ 72, ಕೆಂಪಿನದು ಶೇ 21, ನೀಲಿಯದು ಶೇ 7. ಹೀಗಾಗಿ ಕೆಂಪು ಸೀರೆ, ಅದರ ಹಿಂದಿನ ಕಡುಹಸಿರು ಗೋಡೆ ಬಣ್ಣದಲ್ಲಿ ಎದ್ದು ಬೇರೆ ಕಂಡರೂ ಬೂದಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಳೆಯ ಛಾಯಾಗ್ರಾಹಕರು ಕಂದು ಬಣ್ಣದ ವ್ರಾಟನ್ 90 ಗಾಜಿನ ಮೂಲಕ ಸೆಟ್ ನೋಡಿ, ಇಂಥ ಕಡೆ ಬಟ್ಟೆಯನ್ನೋ ಗೋಡೆಯನ್ನೋ ಬದಲಿಸುತ್ತಿದ್ದರು. ಇಂದು ಮಾನಿಟರನ್ನೇ ಕಪ್ಪು-ಬಿಳುಪಿಗೆ ಇಟ್ಟು ಚಿತ್ರೀಕರಿಸಿದರೆ ಅದೇ ಕೆಲಸವಾಗುತ್ತದೆ. ಬಣ್ಣದಲ್ಲಿ ನೋಡುತ್ತಾ ಬೆಳಕು ಹಾಕಿದವರಿಗೆ ಆಮೇಲೆ ಸುಲಭದ ದಾರಿ ಇಲ್ಲ. ಚಾನೆಲ್ ಮಿಕ್ಸರ್‌ನಲ್ಲಿ (ಮೂರು ಬಣ್ಣಗಳ ಪಾಲನ್ನು ಬದಲಿಸುವ ಎಡಿಟಿಂಗ್ ಸಾಧನ) ಕೆಂಪಿನ ಪಾಲು ಏರಿಸಿದರೆ ಚರ್ಮ ನುಣುಪಾಗಿ ಬೆಳಗುತ್ತದೆ, ತುಟಿ ಬಿಳಿಚಿಕೊಳ್ಳುತ್ತದೆ. ನೀಲಿ-ಹಸಿರು ಏರಿಸಿದರೆ ಚರ್ಮದ ಪ್ರತಿ ಗೀರೂ ಕಾಣುತ್ತದೆ, ತುಟಿ ಕಪ್ಪಾಗುತ್ತದೆ. ನಮ್ಮ ಮೈಬಣ್ಣಕ್ಕೆ 8:1 ಲೆಕ್ಕವನ್ನು ಹಾಗೆಯೇ ಎತ್ತಿಕೊಂಡರೆ ಕೆನ್ನೆಯ ಅಂಚು ಕತ್ತಲಲ್ಲಿ ಕಳೆದುಹೋಗುವ ಸಂಭವ ಹೆಚ್ಚು. ಆಗ ಫಿಲ್ ಏರಿಸಿ ಇಡೀ ಮುಖವನ್ನು ಸಪ್ಪೆ ಮಾಡುವುದಕ್ಕಿಂತ ಹಿಂಬದಿಯಿಂದ ಕೆನ್ನೆಯ ಮೇಲೆ ಒಂದು ಗೆರೆ ಹೊಳಪು ಕೊಡುವುದು, ಇಲ್ಲವೇ ಬೆನ್ನಹಿಂದಿನ ಗೋಡೆಯನ್ನು ತುಸು ಬೆಳಗಿಸಿ ಮುಖದ ಆಕಾರವನ್ನು ಬಿಡಿಸುವುದು ಸರಿಯಾದ ದಾರಿ. ಡಿಜಿಟಲ್ ಕ್ಯಾಮೆರಾದಲ್ಲಿ ಕಡಿಮೆ ಎಕ್ಸ್‌ಪೋಸ್ ಆದ ನೆರಳಿನಲ್ಲಿ ನಾಯ್ಸ್ ಕುದಿಯುತ್ತದೆ; ಹೈಲೈಟ್ ಒಡೆಯದಷ್ಟು ಹೆಚ್ಚು ಬೆಳಕು ಕೊಟ್ಟು ಆಮೇಲೆ ಕೆಳಗಿಳಿಸಬೇಕು.

ಎಐ ಬಣ್ಣಗಾರಿಕೆಯ ವಾದವೂ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ ಅವರ ಕಂಪನಿ ‘ದಿ ಮಾಲ್ಟೀಸ್ ಫಾಲ್ಕನ್’ಗೆ ಬಣ್ಣ ಹಾಕಿಸಿದಾಗ ನಿರ್ದೇಶಕ ಜಾನ್ ಹ್ಯೂಸ್ಟನ್ ಬಹಿರಂಗವಾಗಿ ಪ್ರತಿಭಟಿಸಿದರು. ಅವರದೇ ‘ದಿ ಆಸ್ಫಾಲ್ಟ್ ಜಂಗಲ್’ (1950) ಚಿತ್ರದ ಬಣ್ಣದ ಆವೃತ್ತಿಯ ವಿರುದ್ಧ ವಾರಸುದಾರರು ಫ್ರಾನ್ಸ್‌ನಲ್ಲಿ ಹೂಡಿದ ದಾವೆಯಲ್ಲಿ 1991ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅವರ ಪರ ನಿಂತಿತು. ಇಂದಿನ ತಂತ್ರಾಂಶ ಎಷ್ಟೇ ಜಾಣವಾಗಿದ್ದರೂ ಒಂದು ಕಷ್ಟ ಹಾಗೇ ಇದೆ: ಕತ್ತಲಲ್ಲಿ ಬೇಕೆಂದೇ ಬಿಟ್ಟ ಜಾಗಕ್ಕೆ ಅದು ಯಾವುದೋ ಬಣ್ಣವನ್ನು ಊಹಿಸಿ ತುಂಬುತ್ತದೆ. ಮುಚ್ಚಿಟ್ಟದ್ದನ್ನು ಕಾಣಿಸಿದ ಮೇಲೆ ಅನುಮಾನಕ್ಕೆ ಜಾಗ ಎಲ್ಲಿ?

ಆದರೂ ನ್ವಾರ್‌ಗೆ ಅತಿ ದೊಡ್ಡ ಹಾನಿ ಮಾಡಿರುವುದು ಬಣ್ಣವಲ್ಲ, ಕೆಟ್ಟ ಪ್ರತಿಗಳು. ‘ಡಿಟೂರ್’ (1945), ‘ಡಿ.ಒ.ಎ.’, ‘ದಿ ಹಿಚ್-ಹೈಕರ್’ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಹೊರಬಿದ್ದಿರುವುದರಿಂದ ಉಚಿತವಾಗಿ ಎಲ್ಲೆಡೆ ಸಿಗುತ್ತವೆ. ಹೀಗೆ ಸಿಗುವ ಪ್ರತಿಗಳಲ್ಲಿ ಬಹುಪಾಲು ಪ್ರತಿಯಿಂದ ಪ್ರತಿ ತೆಗೆದವು. ಪ್ರತಿ ಸಲವೂ ಕಾಂಟ್ರಾಸ್ಟ್ ಏರಿ ನೆರಳಿನ ವಿವರ ಮುಚ್ಚಿಹೋಗುತ್ತದೆ. ಕೋಟಿನ ಮಡಿಕೆ, ಕೋಣೆಯ ಮೂಲೆ, ಬಾಗಿಲ ಹಿಂದೆ ನಿಂತವನ ಆಕಾರ ಎಲ್ಲವೂ ಒಂದೇ ಮಸಿಯಾಗಿಬಿಡುತ್ತವೆ. ನೋಡಿದವರು ನ್ವಾರ್ ಎಂದರೆ ಏನೂ ಕಾಣದ ಚಿತ್ರ ಎಂದುಕೊಳ್ಳುತ್ತಾರೆ. ಬೆಲ್ಜಿಯಂನಲ್ಲಿ ಉಳಿದಿದ್ದ ಪ್ರತಿಯ ನೆರವಿನಿಂದ 2018ರಲ್ಲಿ ಪುನರುಜ್ಜೀವನಗೊಂಡ ‘ಡಿಟೂರ್’ ನೋಡಿದರೆ ಅದು ಬೇರೆಯದೇ ಚಿತ್ರ. ಎಡ್ಡಿ ಮುಲ್ಲರ್ 2005ರಲ್ಲಿ ಸ್ಥಾಪಿಸಿದ ಫಿಲ್ಮ್ ನ್ವಾರ್ ಫೌಂಡೇಷನ್ ಇಂಥ ಚಿತ್ರಗಳನ್ನು ಹುಡುಕಿ ಉಳಿಸುತ್ತಿದೆ. ಅರ್ಜೆಂಟೀನಾದ ‘ಲಾಸ್ ತಾಯೋಸ್ ಅಮಾರ್ಗೋಸ್’ (1956) ಸೇರಿದಂತೆ ಹಲವು ಚಿತ್ರಗಳು ಅದರಿಂದಾಗಿಯೇ ಮರಳಿ ಬಂದವು.

ಒಳ್ಳೆಯ ಪ್ರತಿ ಸಿಕ್ಕರೂ ಮನೆಯ ಟಿವಿ ಅದನ್ನು ಕೆಡಿಸಬಹುದು. ಆ ಕಾಲದ ಬಹುತೇಕ ಚಿತ್ರಗಳ ಚೌಕಟ್ಟಿನ ಅಗಲ-ಎತ್ತರದ ಪ್ರಮಾಣ 1.37:1. ಅಗಲ ಟಿವಿಯಲ್ಲಿ ಎರಡು ಬದಿ ಕಪ್ಪು ಪಟ್ಟಿ ಬರುವುದೇ ಸರಿ. ಪರದೆ ತುಂಬಲೆಂದು ಝೂಮ್ ಒತ್ತಿದರೆ ಚಿತ್ರದ ಎತ್ತರದಲ್ಲಿ ಶೇ 23 ಕತ್ತರಿಸಿಹೋಗುತ್ತದೆ. ಹ್ಯಾಟಿನ ನೆರಳು, ಮೇಲ್ಛಾವಣಿ, ಕೈಯಲ್ಲಿರುವ ಪಿಸ್ತೂಲು ಹೋಗುವುದು ಅಲ್ಲೇ. ಮೋಷನ್ ಸ್ಮೂದಿಂಗ್ (ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ), ಡೈನಾಮಿಕ್ ಕಾಂಟ್ರಾಸ್ಟ್, ನಾಯ್ಸ್ ರಿಡಕ್ಷನ್ ಮೂರನ್ನೂ ಆಫ್ ಮಾಡಬೇಕು. ಕೊನೆಯದು ಫಿಲ್ಮಿನ ಕಣಗಳನ್ನು ಕೊಳೆ ಎಂದು ತಿಳಿದು ಒರೆಸಿ ಮುಖಗಳನ್ನು ಮೇಣವಾಗಿಸುತ್ತದೆ. ಬಣ್ಣದ ತಾಪವನ್ನು ‘ವಾರ್ಮ್’ಗೆ ಇಡಿ, ‘ಕೂಲ್’ನಲ್ಲಿ ಬೂದು ನೀಲಿಯಾಗುತ್ತದೆ. ಪ್ಲೇಯರ್ 0–255 ವ್ಯಾಪ್ತಿಯ (ಕಪ್ಪಿನಿಂದ ಬಿಳಿಯವರೆಗಿನ ಮಟ್ಟಗಳು) ಸಂಕೇತ ಕಳಿಸಿ ಟಿವಿ 16–235 ನಿರೀಕ್ಷಿಸುತ್ತಿದ್ದರೆ ನೆರಳೆಲ್ಲ ಕುಸಿಯುತ್ತದೆ. ಅದಲು ಬದಲಾದರೆ ಕಪ್ಪು ಬೂದಾಗುತ್ತದೆ. ಎರಡೂ ಕಡೆ ಎಚ್‌ಡಿಎಂಐ ರೇಂಜ್ ಒಂದೇ ಇದೆಯೇ ನೋಡಿ. ಸ್ಟ್ರೀಮಿಂಗ್‌ನಲ್ಲಿ ಬಿಟ್‌ರೇಟ್ ಇಳಿದಾಗ ಮೊದಲು ಹಾಳಾಗುವುದೂ ಕತ್ತಲ ಭಾಗವೇ, ಮಂಜಿನ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳು ಕಾಣುತ್ತವೆ. ಡಿಸ್ಕ್ ಸಿಕ್ಕರೆ ಡಿಸ್ಕೇ ಮೇಲು. ಕೋಣೆಯ ದೀಪ ಆರಿಸಿರಬೇಕು.

ಟಿವಿ ಸರಿಯಾಗಿ ಹೊಂದಿದೆಯೇ ಎಂದು ನೋಡಲು ಎರಡು ದೃಶ್ಯ ಸಾಕು. ಒಂದು, ಜಾನ್ ಆಲ್ಟನ್ ಬೆಳಗಿಸಿದ ‘ದಿ ಬಿಗ್ ಕಾಂಬೊ’ದ (1955) ಕೊನೆಯ ಹ್ಯಾಂಗರ್ ದೃಶ್ಯ: ಆಕೃತಿಗಳು ಪೂರ್ತಿ ಕಪ್ಪಾಗಿ, ಹಿಂದಿನ ಮಂಜು ಪಟ್ಟೆಗಳಿಲ್ಲದೆ ನಯವಾಗಿ ಬಿಳಿಯಿಂದ ಬೂದಿಗೆ ಇಳಿಯಬೇಕು. ಆಕೃತಿಗಳು ಬೂದಾಗಿ ಕಂಡರೆ ಬ್ರೈಟ್‌ನೆಸ್ ಹೆಚ್ಚಾಗಿದೆ, ಎರಡು ಮೂರು ಅಂಕ ಇಳಿಸಿ. ಇನ್ನೊಂದು, ‘ಡಬಲ್ ಇಂಡೆಮ್ನಿಟಿ’ಯ ಆರಂಭದಲ್ಲಿ ಏಜೆಂಟ್ ರಾತ್ರಿ ಕಚೇರಿಗೆ ಬಂದು ಕೂರುವ ಭಾಗ: ಅವನ ಕೋಟಿನ ಕತ್ತಲ ಭಾಗದಲ್ಲೂ ಬಟ್ಟೆಯ ಮಡಿಕೆ ಮಂದವಾಗಿ ಕಾಣಬೇಕು. ಕಾಣದಿದ್ದರೆ ಇಳಿಸಿದ್ದು ಅತಿಯಾಯಿತು, ಒಂದೊಂದೇ ಅಂಕ ಏರಿಸುತ್ತಾ ಬನ್ನಿ. ಎರಡೂ ದೃಶ್ಯ ಸರಿಬರುವ ಅಂಕದಲ್ಲಿ ನಿಲ್ಲಿಸಿ, ಅದನ್ನು ಬರೆದಿಟ್ಟುಕೊಂಡು, ಆಮೇಲೆ ‘ಔಟ್ ಆಫ್ ದಿ ಪಾಸ್ಟ್’ ಹಾಕಿ.